ಅಂಬಕ್ಕನ ಗೆರೆ

ನಮ್ಮ ಊರಿನಲ್ಲಿ ಒಬ್ಬರೇ ಎಳೆದ ಸುತ್ತು ಕೂಡುವುದಿಲ್ಲ. ಗೆರೆ ಬಳಸಿಕೊಂಡು ಶುರುವಾದ ಜಾಗಕ್ಕೇ ವಾಪಸು ಬರುತ್ತದೆ, ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ಕೈ ನಿಂತುಬಿಡುತ್ತದೆ. ಬೆರಳಿನಷ್ಟು ಜಾಗ ಬಾಯಿ ತೆರೆದುಕೊಂಡೇ ಉಳಿಯುತ್ತದೆ. ಇನ್ನೊಬ್ಬರು ಬಂದು ಅದನ್ನು ಕೂಡಿಸಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದೆಲ್ಲ ಗೊತ್ತಿರಲಿಲ್ಲ. ಮೊದಲ ದಿನ ರೊಟ್ಟಿ ತಟ್ಟಲು ಕೂತರೆ ಒಂದೊಂದು ರೊಟ್ಟಿಯ ಅಂಚಿನಲ್ಲೂ ಇಲಿ ಕಚ್ಚಿದ ಹಾಗೆ ಒಂದು ಸೀಳು. ಹೊಸ ಮನೆ, ಹೊಸ ಜನ, ನನಗೆ ಅಳುವೇ ಬಂದುಬಿಟ್ಟಿತು. ಗಂಡನ ಅಣ್ಣನ ಹೆಂಡತಿ ಅಂಬಕ್ಕ ಒಲೆಯ ಪಕ್ಕ ಕೂತು ಎಲ್ಲ ನೋಡುತ್ತಿದ್ದವಳು ಹತ್ತಿರ ಸರಿದಳು. "ಇಲ್ಲಿ ಎಲ್ಲರದ್ದೂ ಹೀಗೇ ಕಣೆ. ನೀನು ತಟ್ಟು, ಕೊನೇಲಿ ನಾನೊಂದು ಬೆರಳು ಒತ್ತುತೀನಿ" ಅಂದಳು. ಒತ್ತಿದಳು. ರೊಟ್ಟಿ ಗುಂಡಗಾಯಿತು. ಅವತ್ತಿನಿಂದ ನನ್ನ ಸುತ್ತಿಗೆ ಅವಳು, ಅವಳ ಸುತ್ತಿಗೆ ನಾನು.

ಊರು ಇದಕ್ಕೆ ಹೊಂದಿಕೊಂಡೇ ಇದೆ. ಕುಂಬಾರರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟ ವಾರ ಸಂತೆಗೆ ಮಡಕೆ ಬರುವುದಿಲ್ಲ, ಜನವೇ ಹೋಗಿ ರಾಜಿ ಮಾಡಿಸುತ್ತಾರೆ. ಬಳೆ ಮಾಡುವ ಅಣ್ಣತಮ್ಮಂದಿರು ಮನಸ್ಸಿನಲ್ಲಿ ಏನೇ ಇದ್ದರೂ ಪಾಲಾಗುವುದಿಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಸುತ್ತು ಹಾಕಿ, ಸೀಮೆಸುಣ್ಣ ಕೊಟ್ಟು ಯಾರನ್ನಾದರೂ ಕರೆಯುತ್ತಾರೆ. ಠ ಅಕ್ಷರವನ್ನು ಎಲ್ಲರೂ ಬಾಯಿ ಬಿಟ್ಟೇ ಬರೆಯುತ್ತಾರೆ. ಪಟ್ಟಣದಿಂದ ಬಂದ ಇನ್‌ಸ್ಪೆಕ್ಟರು ಒಮ್ಮೆ ಇದಕ್ಕೆ ಕೆಂಪು ಗೀಟು ಹಾಕಲು ಹೋಗಿ, ತಾವೇ ಹಾಕಿದ ಸುತ್ತು ಕೂಡದೆ, ಕಾಫಿ ಕುಡಿದು ಹೊರಟು ಹೋದರಂತೆ.

ಜೊತೆಯವರು ತೀರಿಕೊಂಡವರು, ಮುನಿಸಿಕೊಂಡವರು, ಯಾರೂ ಇಲ್ಲದವರು, ಇಂಥವರಿಗೆಂದೇ ಹಳೆಯ ಅರಳೆ ಗೋದಾಮಿನಲ್ಲಿ ಗುರುವಾರದ ಮಂಡಲ ಶುರುವಾಗಿದ್ದು. ನಮ್ಮಿಬ್ಬರ ಗಂಡಂದಿರೂ ಹೋದ ಮೇಲೆ ನಾನೂ ಅಂಬಕ್ಕನೂ ಅಲ್ಲಿಗೆ ಹೋಗತೊಡಗಿದೆವು. ಸುತ್ತು ಕೂಡಿಸಲು ನಾವಿಬ್ಬರೂ ಒಬ್ಬರಿಗೊಬ್ಬರು ಇದ್ದೆವು. ಹಪ್ಪಳ ಲಟ್ಟಿಸುವುದೂ ಮಾರುವುದೂ ನಡೆದೇ ಇತ್ತು. ಆದರೂ ಸಂಜೆ ಹೊತ್ತು ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಗೋದಾಮಿಗೆ ಹೋದರೆ ಮನಸ್ಸು ತಿಳಿಯಾಗುತ್ತಿತ್ತು.

ಮಂಡಲ ಬರೆಯುವುದನ್ನು ನಮಗೆ ಕಲಿಸಿದವರು ಚಿದಂಬರಯ್ಯನವರು. ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾದವರು, ಹೆಂಡತಿ ಹೋದ ಮೇಲೆ ಗೋದಾಮಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಮೆತ್ತಗಿನ ಮನುಷ್ಯ, ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಚಪ್ಪಲಿ ಇಲ್ಲೇ ಬಿಡಿ" ಅನ್ನುವರು. ಒಳಗೆ ಒದ್ದೆ ಬಟ್ಟೆಯಿಂದ ಒರೆಸಿದ ಸಿಮೆಂಟು ನೆಲ. ನಡುವೆ ಒಂದು ಚುಕ್ಕಿ, ಅದರ ಸುತ್ತ ನಾವು. "ಉಸಿರು ಬಿಡುವಾಗ ಪುಡಿ ಬಿಡಿ. ತಗೊಳ್ಳುವಾಗ ಕೈ ನಿಲ್ಲಿಸಿ" ಎನ್ನುವುದೊಂದೇ ಪಾಠ. ಹಾಗೆ ಮಾಡಿದರೆ ಗೆರೆ ನೂಲಿನಂತೆ ಬರುತ್ತದೆ. ಮನಸ್ಸಿನಲ್ಲಿ ಸಿಟ್ಟಿದ್ದರೆ ಗಂಟು ಗಂಟಾಗಿ ಬೀಳುತ್ತದೆ. ಒಬ್ಬರು ತಮ್ಮ ಸುತ್ತನ್ನು ಎಳೆದು ಕೈ ತೆಗೆಯುತ್ತಾರೆ, ಬಲಗಡೆಯವರು ಅದನ್ನು ಕೂಡಿಸುತ್ತಾರೆ. ಮಾತಿಲ್ಲ. ಕೂಡಿಸಿ ಅಂತ ಕೇಳುವಂತಿಲ್ಲ, ಅವಸರ ಮಾಡುವಂತಿಲ್ಲ, ಕಾಯಬೇಕು. ಸುತ್ತಿನ ಹೊರಗೆ ಎಸಳು, ಎಸಳಿನ ಹೊರಗೆ ಸರಪಳಿ, ಅದರಾಚೆ ಮತ್ತೆ ಸುತ್ತು. ಬೆಳಕಿಂಡಿಯಿಂದ ಬೀಳುವ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ನೆಲದ ತುಂಬ ಮಂಡಲ ಅರಳಿರುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ಹೊರಗಿನಿಂದ ನಡುವಿಗೆ ಗುಡಿಸಿ, ಬೂದುಬಣ್ಣಕ್ಕೆ ತಿರುಗಿದ ಪುಡಿಯನ್ನು ಕೆರೆಗೆ ಬಿಟ್ಟು ಮನೆಗೆ ಹೋಗುತ್ತಿದ್ದೆವು. ಆ ರಾತ್ರಿ ಒಳ್ಳೆಯ ನಿದ್ದೆ ಬರುತ್ತಿತ್ತು.

ನೀಲಿ, ಹಳದಿ, ಹಸಿರು ಪುಡಿಗಳನ್ನು ರಹೀಮಾಬಿ ಕಲೆಸಿ ತರುತ್ತಿದ್ದರು. ಅವರದು ಬಟ್ಟೆಗೆ ಬಣ್ಣ ಹಾಕುವ ಮನೆ. ಕೆಂಪು ಮಾತ್ರ ಕೆರೆಯ ಆಚೆಯಿಂದ ಬರುತ್ತಿತ್ತು. ಕೆರೆ ಏರಿಯ ಆಚೆಗಿರುವ ಕೇರಿಗೆ ಆಚೆಕೇರಿ ಅಂತಲೇ ಹೆಸರು. ತಮಟೆ ಕಟ್ಟುವವರು, ಇಟ್ಟಿಗೆ ಸುಡುವವರು ಅಲ್ಲಿದ್ದಾರೆ. ಅಲ್ಲಿಯ ಮಾರಕ್ಕ ಎನ್ನುವ ಹೆಂಗಸು ಇಟ್ಟಿಗೆ ಕುಟ್ಟಿ, ಜರಡಿ ಹಿಡಿದು, ಪ್ರತಿ ಗುರುವಾರ ಒಂದು ಬುಟ್ಟಿ ಪುಡಿಯನ್ನು ಗೋದಾಮಿನ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದಳು. ಆಚೆಕೇರಿಯವರು ಒಳಗೆ ಬರಬಾರದು ಅಂತ ಯಾರೂ ಬರೆದು ಹಾಕಿರಲಿಲ್ಲ. ಅವರು ಬಂದಿರಲಿಲ್ಲ, ನಾವು ಕರೆದಿರಲಿಲ್ಲ.

ಅಂಬಕ್ಕನ ಮರೆವು ಚಿಕ್ಕದಾಗಿ ಶುರುವಾಯಿತು. ಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಮತ್ತೆ ಹಾಕುವಳು. ನೀರು ಸೇದಲು ಹೋದವಳು ಕೊಡ ಅಲ್ಲೇ ಬಿಟ್ಟು ಬರುವಳು. ಆಮೇಲೆ ಹೆಸರುಗಳು ಹೋಗತೊಡಗಿದವು. ತನ್ನ ಗಂಡನ ಹೆಸರು ಹೋದ ದಿನ ಅವಳು ಜಗಲಿಯಲ್ಲಿ ಕೂತು, "ಎತ್ತರಕ್ಕಿದ್ರಲ್ಲ, ನಗ್ತಿದ್ರಲ್ಲ, ಅವರು" ಅಂತ ನನ್ನನ್ನು ಕೇಳಿದಳು. ನಾನು ಹೇಳಿದೆ. "ಹಾಂ, ಅವರೇ" ಅಂದಳು, ಯಾರೋ ದೂರದ ನೆಂಟರ ವಿಷಯ ಕೇಳಿದ ಹಾಗೆ. ನನ್ನನ್ನು ಕೆಲವು ದಿನ ವನಜ ಎಂದೇ ಕರೆಯುವಳು, ಕೆಲವು ದಿನ "ಏನಮ್ಮ" ಎನ್ನುವಳು. ಆ ದಿನಗಳಲ್ಲಿ ನಾನು ಹೆಚ್ಚು ಕೆಲಸ ಇಟ್ಟುಕೊಳ್ಳುತ್ತಿದ್ದೆ. ಗುರುವಾರ ಮಾತ್ರ ಅವಳಿಗೆ ಮರೆಯುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುವಳು.

ಒಂದು ಗುರುವಾರ ಅವಳ ಕೈ ಹಾದಿ ಬಿಟ್ಟಿತು. ಮೂರನೆಯ ಸುತ್ತು ಅವಳದಿತ್ತು. ಅರ್ಧ ಎಳೆದವಳು ಒಳಕ್ಕೆ ಬಾಗುವ ಬದಲು ಹೊರಕ್ಕೆ ಹೊರಟಳು. ರಹೀಮಾಬಿಯ ಎಸಳುಗಳ ಮೇಲೆ ಹಾಯ್ದು, ಚಿದಂಬರಯ್ಯನವರ ಮೊಣಕಾಲ ಮುಂದೆ ಸಾಗಿ, ಬಿಳಿ ಪುಡಿಯನ್ನು ನೂಲಿನಂತೆ ಬಿಡುತ್ತ ಹಿಂಬಾಗಿಲ ತನಕ ಹೋಗಿ ನಿಂತಳು. ಮಾತಾಡುವಂತಿಲ್ಲವಲ್ಲ, ಎಲ್ಲರೂ ನೋಡುತ್ತ ಕೂತೆವು. ನಾನು ಎದ್ದು ಅವಳನ್ನು ಕರೆತಂದು ಕೂರಿಸಿದೆ. ಮುಂದಿನ ವಾರವೂ ಅದೇ ಆಯಿತು, ಅದೇ ಜಾಗದಿಂದ, ಅದೇ ಬಾಗಿಲಿಗೆ. ಅದರ ಮುಂದಿನ ವಾರ ಯಾರೋ ಗಟ್ಟಿಯಾಗಿ ನಿಟ್ಟುಸಿರು ಬಿಟ್ಟರು. ಇನ್ನೊಬ್ಬರು ಅರ್ಧಕ್ಕೇ ಎದ್ದು ಹೋದರು.

ಚಿದಂಬರಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. "ವನಜಾಕ್ಷಮ್ಮ, ನೀವು ಬೇಜಾರು ಮಾಡ್ಕೋಬಾರದು. ಸ್ವಲ್ಪ ದಿನ ಅವರು ಮನೇಲೇ ಇರ್ಲಿ. ಇಲ್ಲಿಗೆ ಬರೋರೆಲ್ಲ ಏನೋ ಒಂದು ಕಳ್ಕೊಂಡು ಬರೋರು. ಮಂಡಲ ಪೂರ್ತಿ ಆಗ್ದೆ ಹೋದ್ರೆ ಅವರಿಗೆ ತಡೆಯೋಕಾಗಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಗುರುವಾರ ಅಂಬಕ್ಕನನ್ನು ಮನೆಯಲ್ಲೇ ಇಟ್ಟುಕೊಂಡೆ. ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತವಳಿಗೆ ಇವತ್ತು ಬುಧವಾರ ಅಂದೆ. ಒಪ್ಪಿಕೊಂಡಳು. ಆದರೆ ಒಳಗೆ ಬರಲಿಲ್ಲ. ಜಗಲಿಯ ಮೇಲೆ ಕೂತು, ಬೊಗಸೆಯಲ್ಲಿ ಅಕ್ಕಿಹಿಟ್ಟು ಹಿಡಿದುಕೊಂಡು, ಬೀದಿಯನ್ನೇ ನೋಡುತ್ತಿದ್ದಳು. ಕತ್ತಲಾದ ಮೇಲೆ ನಾನೇ ಅವಳ ಬೆರಳು ಬಿಡಿಸಿ ಹಿಟ್ಟು ತೆಗೆದೆ.

ಮಾರನೆಯ ದಿನ ರಹೀಮಾಬಿ ಬಂದರು. ಹಪ್ಪಳ ಬೇಕೆಂದು ನೆಪ ಹೇಳಿ ಕೂತು, ಕೊನೆಗೆ ಬಾಯಿ ಬಿಟ್ಟರು. "ನಿನ್ನೆ ಮಂಡಲ ಪೂರ್ತಿ ಆಯ್ತು. ಚೆನ್ನಾಗೇ ಇತ್ತು. ಆದ್ರೆ ನನ್ನ ಕಣ್ಣು ಅಂಬಕ್ಕನ ಗೆರೆ ಹೋಗ್ತಿದ್ದ ಜಾಗದ ಮೇಲೇ ಇತ್ತು. ಹೋದ ವಾರ ಗುಡಿಸೋವಾಗ ನೋಡಿದ್ದೆ ಕಣ್ರೀ. ಅದು ನೇರ ಇಲ್ಲ."

"ನೇರ ಹೇಗಿರುತ್ತೆ, ಪಾಪ, ಅವಳಿಗೆ ಎಲ್ಲಿ ಹೋಗ್ತಿದೀನಿ ಅನ್ನೋದೇ ಗೊತ್ತಿಲ್ಲ" ಅಂದೆ.

"ಸೊಟ್ಟ ಅಂತ ಹೇಳ್ತಿಲ್ಲ ನಾನು. ಬಾಗಿದೆ. ಉದ್ದುದ್ದ ಬಟ್ಟೆ ಹರವಿ ಹರವಿ ನನ್ನ ಕಣ್ಣಿಗೆ ಗೊತ್ತಾಗುತ್ತೆ. ಇಷ್ಟೇ ಇಷ್ಟು ಬಾಗು, ಮೊದ್ಲಿಂದ ಕೊನೇ ತನಕ ಒಂದೇ ಸಮ. ಅದೂ ಒಂದು ಸುತ್ತೇ, ವನಜಾಕ್ಷಿ. ಗೋದಾಮಿನೊಳಗೆ ಹಿಡಿಸಲ್ಲ, ಅಷ್ಟೆ."

ಇಬ್ಬರೂ ಅಂಬಕ್ಕನ ಕಡೆ ತಿರುಗಿದೆವು. ಅವಳು ಮಣೆಯ ಮುಂದೆ ಕೂತು ಲಟ್ಟಣಿಗೆಯನ್ನು ಒರೆಸುತ್ತಿದ್ದಳು. "ಅಕ್ಕ, ನಿನ್ನ ಗೆರೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ.

"ಎಲ್ಲಿಗೆ ಅಂದ್ರೆ? ಸುತ್ಕೊಂಡು ಬರ್ಬೇಕಲ್ಲ" ಅಂದಳು.

ಚಿದಂಬರಯ್ಯನವರಿಗೆ ಒಪ್ಪಿಸುವುದು ಸುಲಭವಾಗಲಿಲ್ಲ. ಅಂಬಕ್ಕನಿಂದ ಮತ್ತೊಮ್ಮೆ ಎಳೆಸಿದ ಗೆರೆಯ ಪಕ್ಕ ಅವರು ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದರು. ಎದ್ದಾಗ ಕೆನ್ನೆಗೆ ಪುಡಿ ಮೆತ್ತಿತ್ತು. "ಹೌದು" ಅಂದರು. ಹಿಂಬಾಗಿಲ ಅಗುಳಿಯನ್ನು ತಾವೇ ತೆಗೆದರು.

ಹೀಗೆ ಅಂಬಕ್ಕನ ಗೆರೆ ಬೀದಿಗೆ ಬಂತು. ಪುಡಿ ಗಾಳಿಗೆ ನಿಲ್ಲುವುದಿಲ್ಲವೆಂದು ರಹೀಮಾಬಿ ಸುಣ್ಣದ ನೀರು ಕಲೆಸಿ ಗಿಂಡಿಯಲ್ಲಿ ತುಂಬಿಕೊಟ್ಟರು. ಅಂಬಕ್ಕ ಬಾಗಿಕೊಂಡು, ಗಿಂಡಿಯ ಮೂತಿಯಿಂದ ಸಣ್ಣಗೆ ಸುಣ್ಣ ಬಿಡುತ್ತ, ಉಸಿರಿಗೊಂದು ಚೂರಿನಂತೆ ಮುಂದೆ ಹೋಗುವಳು. ಬಿಸಿಲು ಏರುವ ತನಕ, ಮತ್ತೆ ಬಿಸಿಲು ಇಳಿದ ಮೇಲೆ. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಡೆಯುವೆ. ಗೋದಾಮಿನವರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಯಾರೂ ಮಾತಾಡುತ್ತಿರಲಿಲ್ಲ. ಕೆಲವೇ ದಿನದಲ್ಲಿ ನಮ್ಮ ನಡಿಗೆಯೂ ಅವಳ ಉಸಿರಿಗೆ ಹೊಂದಿಕೊಂಡಿತು.

ಊರಿನ ಜನ ಮೊದಮೊದಲು ನಕ್ಕರು, ಆಮೇಲೆ ದಾರಿ ಬಿಟ್ಟರು. ಗೆರೆ ಕ್ಷೌರದಂಗಡಿಯ ಮೂಲಕ ಹೋಗುವುದಿತ್ತು. ಕೂತಿದ್ದ ಗಿರಾಕಿಗಳು ಮುಖದ ಸೋಪಿನ ಸಮೇತ ಕಾಲೆತ್ತಿಕೊಂಡರು. ಬಸ್ಸಿನ ಡ್ರೈವರು ಎಂಜಿನ್ ಆರಿಸಿ, ಅವಳು ರಸ್ತೆ ದಾಟುವ ತನಕ ಬೀಡಿ ಸೇದಿದ. ದಾರಿಗೆ ಅಡ್ಡ ಬಂದ ಮನೆಯವರು ಮುಂಬಾಗಿಲೂ ಹಿತ್ತಿಲ ಬಾಗಿಲೂ ತೆಗೆದಿಟ್ಟು ಕಾಯುತ್ತಿದ್ದರು. ಅಂಬಕ್ಕ ಪಡಸಾಲೆಯಲ್ಲಿ ಗೆರೆ ಎಳೆಯುತ್ತ ಹೋದರೆ ಮನೆಯ ಹೆಂಗಸು ಅವಳ ಕೈಗೆ ಬೆಲ್ಲದ ಚೂರು ಇಡುವಳು. ಇಷ್ಟರಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತು. ನಮ್ಮನೆ ಒಳಗೋ ಹೊರಗೋ? ಎಲ್ಲಿ ನೋಡಿದರೂ ಅದೇ. ಒಬ್ಬರ ಅಡುಗೆಮನೆ ಒಳಗಾಗಿ ಬಚ್ಚಲು ಹೊರಗುಳಿಯಿತು. ಅವರು ಬಚ್ಚಲನ್ನು ಈಚೆಗೆ ಕಟ್ಟಿಸುವ ಯೋಚನೆ ಮಾಡಿದರು. ಹೊರಗುಳಿದ ಮನೆಯವರು ಅಂಬಕ್ಕನಿಗೆ ಒಳ್ಳೆಯ ಮಾತಾಡಿ ಎರಡು ಮಾರು ಆಚೆಯಿಂದ ಬರಲು ಹೇಳಿದರು. ಅವಳಿಗೆ ಕೇಳಿಸಿತೋ ಇಲ್ಲವೋ. ಅವಳ ಬಾಗು ಬದಲಾಗಲಿಲ್ಲ. ಸುತ್ತು ಎಷ್ಟು ದೊಡ್ಡದು ಅನ್ನುವುದು ಆಗ ಎಲ್ಲರಿಗೂ ಅಂದಾಜಾಗಿತ್ತು. ಊರಿನ ಮುಕ್ಕಾಲು ಪಾಲು ಒಳಗೆ ಬರುತ್ತದೆ. ಕೆರೆ ಬರುತ್ತದೆ. ಕೆರೆ ಬಂದ ಮೇಲೆ ಅದರಾಚೆಯ ಕೇರಿಯೂ ಬರುತ್ತದೆ.

ಗೆರೆ ಏರಿಯ ಬುಡಕ್ಕೆ ಬಂದ ದಿನ ಚಿದಂಬರಯ್ಯನವರು ಬೇಗನೆ ಬಂದು ನಿಂತಿದ್ದರು. ಜೊತೆಗೆ ಇನ್ನೂ ನಾಲ್ಕು ಜನ ಇದ್ದರು. "ಇಲ್ಲಿಂದ ಈಚೆಗೆ ತಿರುಗಿಸಿಬಿಡಿ, ವನಜಾಕ್ಷಮ್ಮ. ಆಚೆ ದಾರಿ ಸರಿ ಇಲ್ಲ. ಮುಳ್ಳು" ಅಂದರು.

ಮುಳ್ಳು ಇತ್ತು, ನಿಜ. ಮುಳ್ಳಿನ ಮಾತಲ್ಲ ಅದು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಅಂಬಕ್ಕನ ಮೊಣಕೈ ಹಿಡಿದು ಮೆಲ್ಲಗೆ ಈಚೆಗೆ ಒತ್ತಿದೆ. ಅವಳು ನಿಂತಳು. ನನ್ನ ಕೈಯನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು. ಅವತ್ತು ನಾನು ಅವಳಿಗೆ ವನಜ ಆಗಿರಲಿಲ್ಲ.

"ಬಿಡಮ್ಮ. ಗೆರೆ ಸೊಟ್ಟಗಾಗುತ್ತೆ" ಅಂದಳು.

ಬಿಟ್ಟೆ. ಅವಳು ಏರಿ ಹತ್ತಿ ಆಚೆಗೆ ಇಳಿದಳು. ನಾನೂ ರಹೀಮಾಬಿಯೂ ಅವಳ ಹಿಂದೆ ಇಳಿದೆವು. ಉಳಿದವರು ಏರಿಯ ಮೇಲೇ ನಿಂತರು. ಚಿದಂಬರಯ್ಯನವರು ಮಾತ್ರ ಸ್ವಲ್ಪ ಹೊತ್ತಿನ ಮೇಲೆ, ಪಂಚೆಯನ್ನು ಎತ್ತಿ ಹಿಡಿದುಕೊಂಡು, ದೂರದಲ್ಲಿ ಬಂದರು.

ಆಚೆಕೇರಿಯ ಹಿಂಭಾಗದಲ್ಲಿ ಮೊದಲ ಮನೆಯೇ ಮಾರಕ್ಕನದು. ಅಂಗಳದ ಹೊಂಗೆಮರದ ಕೆಳಗೆ ಇಟ್ಟಿಗೆ ಪುಡಿ ಒಣಗಲು ಹಾಕಿದ್ದಳು. ಅಂಬಕ್ಕನ ಗೆರೆ ಅಂಗಳದ ಅಂಚಿಗೆ ಬಂದಾಗ ಅವಳು ಎದ್ದು ಬಂದು ಗೆರೆಯ ಮುಂದೆ ನಿಂತಳು. ಗಟ್ಟಿಮುಟ್ಟಾದ ಹೆಂಗಸು, ಕೈಯೆಲ್ಲ ಕೆಂಪು.

"ಇದೇನಮ್ಮ, ನಮ್ಮನೆ ಹಿಂದಕ್ಕೂ ಬಂತಾ ನಿಮ್ಮ ಗೆರೆ?"

ನಾನು ಏನೋ ಸಂತೋಷದ ಸುದ್ದಿ ಹೇಳುವವಳಂತೆ, "ನಿಮ್ಮ ಕೇರಿ ಪೂರ್ತಿ ಒಳಗೆ ಬರುತ್ತೆ ಮಾರಕ್ಕ" ಅಂದೆ.

"ಒಳಗೆ ಅಂದ್ರೆ? ಗೆರೆ ಒಳಗಾ, ಬಾಗಿಲ ಒಳಗಾ?"

ರಹೀಮಾಬಿ ನೆಲ ನೋಡಿದರು. ಮಾರಕ್ಕ ನಮ್ಮ ಹಿಂದೆ, ದೂರದಲ್ಲಿ ನಿಂತಿದ್ದ ಚಿದಂಬರಯ್ಯನವರನ್ನು ನೋಡುತ್ತಲೇ ಮಾತಾಡಿದಳು. ದನಿ ಏರಿಸಲಿಲ್ಲ. "ಊರಲ್ಲಿ ಎಲ್ಲರ ಮನೆಗೂ ಹೇಳಿ ಕೇಳಿ ಬಂದ್ರಂತೆ. ಬಾಗಿಲು ತೆಗ್ಸಿ, ಬೆಲ್ಲ ಇಸ್ಕೊಂಡು. ಇಲ್ಲಿಗೆ ಮಾತ್ರ ಸುಮ್ನೆ ಬಂದ್ರಿ. ನಾವು ಒಳಗೆ ಬರ್ತೀವಿ ಅಂತ ಯಾರು ಹೇಳಿದ್ರು ನಿಮಗೆ?"

ಈ ಮಾತೆಲ್ಲ ನಡೆಯುವಾಗ ಅಂಬಕ್ಕ ಗಿಂಡಿ ಕೆಳಗಿಟ್ಟು, ಹೋಗಿ ಹೊಂಗೆಮರದ ಕಟ್ಟೆಯ ಮೇಲೆ ಕೂತಿದ್ದಳು. "ಒಂಚೂರು ನೀರು ಕೊಡಮ್ಮ" ಅಂದಳು. ಮಾರಕ್ಕ ಮಾತು ನಿಲ್ಲಿಸಿದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಕೊಡುವ ಮೊದಲು ನನ್ನನ್ನೊಮ್ಮೆ ನೋಡಿದಳು, ತಡೆಯುತ್ತೀಯಾ ಅನ್ನುವ ಹಾಗೆ. ಅಂಬಕ್ಕ ಚೊಂಬನ್ನು ಎರಡು ಕೈಯಲ್ಲಿ ಹಿಡಿದು ತುಟಿಗೆ ಹಚ್ಚಿ ಗಟಗಟ ಕುಡಿದಳು. ನಮ್ಮ ಮನೆಯಲ್ಲಿ ಇನ್ನೊಬ್ಬರು ಕುಡಿದ ಲೋಟವನ್ನು ಎರಡು ಸಲ ತೊಳೆಯುತ್ತಿದ್ದ ಹೆಂಗಸು ಅವಳು. ಅದೂ ಮರೆತು ಹೋಗಿತ್ತು.

"ಇನ್ನೊಂಚೂರು" ಅಂದಳು. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೇಲೆ ನೋಡಿದಳು. "ನೆರಳು ಚೆನ್ನಾಗಿದೆ ನಿಮ್ಮನೇಲಿ. ನಾನು ಇಲ್ಲೇ ಇದ್ದುಬಿಡ್ಲಾ?"

ಮಾರಕ್ಕನಿಗೆ ನಗು ಬಂತು. "ಇರು ತಾಯಿ, ಯಾರು ಬೇಡ ಅಂದ್ರು" ಅಂದಳು. ಆದರೆ ಗೆರೆ ಇದ್ದಲ್ಲೇ ಇತ್ತು. ಅಂಬಕ್ಕನನ್ನು ಎಬ್ಬಿಸಿಕೊಂಡು ಹೊರಟಾಗ ಮಾರಕ್ಕ ಖಾಲಿ ಚೊಂಬು ಹಿಡಿದು ಅದರ ಮುಂದೆಯೇ ನಿಂತಿದ್ದಳು.

ಕೆಲವು ದಿನ ಏನೂ ನಡೆಯಲಿಲ್ಲ. ಅಂಬಕ್ಕ ಬೆಳಗಾದರೆ ಗಿಂಡಿ ಕೇಳುವಳು, ನಾನು ಏನೋ ಹೇಳಿ ಮರೆಸುವೆನು. ಗೋದಾಮಿನಲ್ಲಿ ಗುರುವಾರ ಎಲ್ಲರೂ ಮಂಡಲ ಬರೆದೆವು. ಗೆರೆಗಳು ಗಂಟು ಗಂಟಾಗಿ ಬಿದ್ದವು. ಮೆಟ್ಟಿಲ ಮೇಲೆ ಕೆಂಪು ಪುಡಿಯ ಬುಟ್ಟಿ ಇರಲಿಲ್ಲ. ಕೆಂಪಿಲ್ಲದ ಮಂಡಲ ಜ್ವರದಿಂದ ಎದ್ದವರ ಮುಖದಂತೆ ಕಾಣುತ್ತಿತ್ತು. ಒಬ್ಬರು ಇದನ್ನೆಲ್ಲ ಇಲ್ಲಿಗೇ ಬಿಡೋಣ ಅಂದರು. ಇನ್ನೊಬ್ಬರು, ಏರಿಯ ಈಚೆ ನಾವೇ ಒಂದು ಗೆರೆ ಎಳೆದು ಗೋದಾಮಿಗೆ ಕೂಡಿಸಿಬಿಡೋಣ, ಅಂಬಕ್ಕನಿಗೇನು ಗೊತ್ತಾಗುತ್ತದೆ ಅಂದರು. ಚಿದಂಬರಯ್ಯನವರು ಅದಕ್ಕೆ ಹೌದೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅವರ ಮುಖ ಬಾಡಿತ್ತು.

ಮಾರನೆಯ ಬೆಳಗ್ಗೆ ನಾನೊಬ್ಬಳೇ ಏರಿ ಇಳಿದು ಹೋದೆ. ಮಾರಕ್ಕ ಇಟ್ಟಿಗೆ ಕುಟ್ಟುತ್ತಿದ್ದಳು. ಕೂರು ಅನ್ನಲಿಲ್ಲ, ನಾನೇ ಕಟ್ಟೆಯ ಮೇಲೆ ಕೂತೆ.

"ನಿಮ್ಮನ್ನ ಕೇಳೋಕೆ ಬಂದೆ" ಅಂದೆ. "ಅಂಬಕ್ಕನ ಗೆರೆ ನಿಮ್ಮ ಅಂಗಳದಲ್ಲಿ ಹಾಯ್ದು ಹೋಗ್ಬೇಕು. ನೀವು ಆಗಲ್ಲ ಅಂದ್ರೆ ಅದು ಅಲ್ಲಿಗೇ ನಿಲ್ಲುತ್ತೆ. ಬೇರೆ ಕಡೆಯಿಂದ ಕೂಡ್ಸಲ್ಲ."

ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಇದನ್ನ ಅವರು ಹೇಳಿ ಕಳಿಸಿದ್ರಾ?"

"ಇಲ್ಲ. ನಾನೇ ಬಂದೆ."

"ನಿಮಗ್ಯಾಕೆ ಇಷ್ಟು?"

ಸುಮ್ಮನೆ ನಿಜ ಹೇಳಿದೆ. "ಅವಳಿಗೆ ನಾನು ಯಾರು ಅಂತ ಮರೆತು ಹೋಗ್ತಿದೆ. ಇದೊಂದು ಮಾತ್ರ ನೆನಪಿದೆ. ಇದೂ ಮುಗೀದೆ ನಿಂತ್ರೆ ಅವಳ ಹತ್ರ ಏನೂ ಉಳಿಯಲ್ಲ. ನನ್ನ ಹತ್ರಾನೂ."

ಮಾರಕ್ಕ ಪುಡಿಯನ್ನು ಜರಡಿಗೆ ಸುರಿದಳು. ಜರಡಿ ಹಿಡಿದು ಮುಗಿಸಿದಳು. ಕೈ ಕೊಡವಿಕೊಂಡು ಎದುರು ಬಂದು ನಿಂತಳು. "ಕರ್ಕೊಂಡು ಬನ್ನಿ. ಆದ್ರೆ ನಾನೂ ಜೊತೆಗಿರ್ತೀನಿ. ಈ ಗೆರೆ ಎಲ್ಲಿಗೆ ಹೋಗುತ್ತೋ ಅಲ್ಲಿಗೂ ಬರ್ತೀನಿ. ಅದು ಹೊಸ್ತಿಲು ದಾಟಿದ್ರೆ ನಾನೂ ದಾಟ್ತೀನಿ. ಇದನ್ನ ಹೋಗಿ ಅವರಿಗೆ ಹೇಳಿ."

ಹೇಳಿದೆ. ಚಿದಂಬರಯ್ಯನವರು ಅಂಚೆಯ ಕಾಲದಿಂದಲೂ ಇದ್ದ ಮರದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು. ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. ನಾನು ಎದ್ದು ಬಂದೆ.

ಅಂಬಕ್ಕ ಮತ್ತೆ ಶುರು ಮಾಡಿದಳು. ಆಚೆಕೇರಿಯ ಅಂಗಳಗಳಲ್ಲಿ, ಇಟ್ಟಿಗೆ ಗೂಡಿನ ಪಕ್ಕದಲ್ಲಿ, ಹಳ್ಳದ ಕಾಲುಸಂಕದ ಮೇಲೆ ಗೆರೆ ಸಾಗಿತು. ಈಗ ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಮಾರಕ್ಕ. ಅಂಬಕ್ಕನಿಗೆ ಬೇಗ ದಣಿವಾಗುತ್ತಿತ್ತು. ಸೊಂಟ ಹಿಡಿದುಕೊಂಡು ನಿಂತಾಗ ಮಾರಕ್ಕ ಅವಳ ಬೆನ್ನು ನೀವುವಳು. ಹೀಗೆ ನಡೆಯುವಾಗ ನಾವಿಬ್ಬರೂ ಏನೂ ಮಾತಾಡಿಕೊಳ್ಳುತ್ತಿರಲಿಲ್ಲ. ಆದರೆ ಮೂವರ ಉಸಿರೂ ಒಂದೇ ಸಮ ಆಗಿಹೋಗಿತ್ತು. ಹಿಂದೆ ಆಚೆಕೇರಿಯ ಜನ, ಅವರ ಹಿಂದೆ ಊರಿನ ಜನ. ಏರಿಯ ಮೇಲೆ ನಿಂತು ನೋಡಿದವರಲ್ಲಿ ಕೆಲವರು ಇಳಿದು ಬಂದರು, ಕೆಲವರು ಬರಲಿಲ್ಲ.

ಗೆರೆ ಗೋದಾಮಿನ ಮುಂಬಾಗಿಲಿಗೆ ಬಂದದ್ದು ಒಂದು ಗುರುವಾರದ ಸಂಜೆ. ಅಂಬಕ್ಕ ಮೆಟ್ಟಿಲು ಹತ್ತಿದಳು. ಕೊನೆಯ ಮೆಟ್ಟಿಲ ಮೇಲೆ, ಸಾಮಾನ್ಯವಾಗಿ ಬುಟ್ಟಿ ಇಡುತ್ತಿದ್ದ ಜಾಗದಲ್ಲಿ, ಮಾರಕ್ಕನ ಕಾಲು ತಾನಾಗಿಯೇ ನಿಂತಿತು. ಬಾಗಿಲಲ್ಲಿ ಚಿದಂಬರಯ್ಯನವರು ನಿಂತಿದ್ದರು. ಅವರ ಹಿಂದೆ ಒಳಗೆ ಕೂತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅಂಬಕ್ಕ ಯಾರನ್ನೂ ಗಮನಿಸದೆ ಸುಣ್ಣ ಬಿಡುತ್ತ ಹೊಸ್ತಿಲು ದಾಟಿದಳು. ಚಿದಂಬರಯ್ಯನವರು ಮಾರಕ್ಕನನ್ನು ನೋಡಿದರು, ಬಾಗಿಲ ಚೌಕಟ್ಟನ್ನು ನೋಡಿದರು.

"ಚಪ್ಪಲಿ ಇಲ್ಲೇ ಬಿಡಿ" ಅಂದರು.

ಮಾರಕ್ಕನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಅವರಿಗೂ ಕಾಣುತ್ತಿತ್ತು. ಆದರೂ ಅವಳು ಕಾಲನ್ನು ಮೆಟ್ಟಿಲಿಗೆ ಒಮ್ಮೆ ಒರೆಸಿ ಒಳಗೆ ಬಂದಳು.

ಒಳಗೆ ಸಿಮೆಂಟು ನೆಲದ ಮೇಲೆ ಅಂಬಕ್ಕ ಬೀದಿಗೆ ಹೊರಟಾಗ ಎಳೆದ ಗೆರೆಯ ಮೊದಲ ತುದಿಯನ್ನು ರಹೀಮಾಬಿ ಗುಡಿಸದೆ ಉಳಿಸಿಕೊಂಡು ಬಂದಿದ್ದರು. ಹೊಸ ಗೆರೆ ಅದರ ಹತ್ತಿರ ಬಂತು. ಬೆರಳಿನಷ್ಟು ಜಾಗ ಇರುವಾಗ ಅಂಬಕ್ಕನ ಕೈ ನಿಂತಿತು. ಅವಳು ನೆಟ್ಟಗಾಗಿ, ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. ಅವಳ ಎಷ್ಟು ರೊಟ್ಟಿ, ಎಷ್ಟು ಹಪ್ಪಳ, ಎಷ್ಟು ರಂಗೋಲಿಯನ್ನು ನಾನು ಕೂಡಿಸಿಲ್ಲ. ಇಷ್ಟು ದಾರಿ ಕೊಡೆ ಹಿಡಿದು ಬಂದದ್ದೂ ಈ ಬೆರಳಿನಷ್ಟು ಜಾಗಕ್ಕೇ ಅಂತ ನನಗೆ ಆಗ ಗೊತ್ತಾಯಿತು. ಅಂಬಕ್ಕ ನನ್ನ ಮುಖವನ್ನು ನೋಡಿದಳು, ದಾರಿಯಲ್ಲಿ ಸಿಕ್ಕ ಯಾರನ್ನೋ ನೋಡುವಷ್ಟು ಮೃದುವಾಗಿ. ಆಮೇಲೆ ಗಿಂಡಿಯನ್ನು ಮಾರಕ್ಕನ ಕೈಗೆ ಕೊಟ್ಟಳು.

"ನಂದು ಕೂಡಲ್ಲ. ನೀನೊಂಚೂರು ಕೈ ಹಾಕು" ಅಂದಳು.

ಮಾರಕ್ಕ ನನ್ನ ಕಡೆ ತಿರುಗಿದಳು. ನನ್ನ ಕಣ್ಣಲ್ಲಿ ಏನು ಕಂಡಿತೋ, ಗಿಂಡಿಯನ್ನು ನನ್ನ ಕಡೆ ಸ್ವಲ್ಪ ಚಾಚಿದಳು. ನಾನು ತಲೆ ಅಲ್ಲಾಡಿಸಿದೆ. ಕೊಟ್ಟದ್ದು ಅಂಬಕ್ಕ. ಮಾರಕ್ಕ ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಡುತ್ತ ಸುಣ್ಣ ಬಿಟ್ಟಳು. ಸುತ್ತು ಕೂಡಿತು.

ಏನೂ ಆಗಲಿಲ್ಲ. ಬೆಳಕು ಬೀಳಲಿಲ್ಲ, ಗಂಟೆ ಬಾರಿಸಲಿಲ್ಲ. ಅಂಬಕ್ಕ "ಹಸಿವಾಗ್ತಿದೆ" ಅಂದಳು, ನಾನು ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಅನ್ನ ಕಲೆಸಿ ಕೊಟ್ಟೆ. ಊಟ ಮಾಡುತ್ತ ಅವಳು, "ಆ ಹೆಂಗಸಿನ ಕೈ ಚೆನ್ನಾಗಿದೆ" ಅಂದಳು. ಹೌದು ಅಂದೆ. ನನಗೆ ಅವತ್ತು ಅನ್ನ ಸೇರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಬಟ್ಟಲು ಬಳಿದು ಉಂಡಳು, ಮಗುವಿನಂತೆ ನಿದ್ದೆ ಮಾಡಿದಳು. ಅದನ್ನು ನೋಡುತ್ತ ಕೂತಿದ್ದಂತೆ ನನಗೂ ಸಮಾಧಾನವಾಗುತ್ತ ಬಂತು.

ಮುಂದಿನ ಗುರುವಾರ ಗೋದಾಮಿಗೆ ಬರುತ್ತಿದ್ದವರಲ್ಲಿ ಮೂವರು ಬರಲಿಲ್ಲ. ಆಮೇಲೂ ಬರಲಿಲ್ಲ. ಮಾರಕ್ಕ ತನ್ನ ಸೊಸೆಯ ಜೊತೆ ಬಂದಳು. ಬುಟ್ಟಿಯನ್ನು ಒಳಗೇ ತಂದು ರಹೀಮಾಬಿಯ ಬಣ್ಣಗಳ ಪಕ್ಕ ಇಟ್ಟು, ಎಲ್ಲಿ ಕೂರಲಿ ಅನ್ನುವಂತೆ ನೋಡಿದಳು. ಅಂಬಕ್ಕ ಆಗಲೇ ನನ್ನ ಪಕ್ಕ ಗೋಡೆಗೆ ಒರಗಿ ಕೂತು, ನೆಲದ ಮೇಲೆ ಬೆರಳಲ್ಲಿ ಚುಕ್ಕಿ ಇಡುತ್ತಿದ್ದಳು. ಖಾಲಿ ಇದ್ದದ್ದು ಚಿದಂಬರಯ್ಯನವರ ಬಲಗಡೆ. ಅವರು ತಮ್ಮ ಚಾಪೆಯನ್ನು ಒಂದು ಗೇಣು ಎಡಕ್ಕೆ ಸರಿಸಿದರು. ಮಾರಕ್ಕ ಕೂತಳು, ಸೊಸೆ ಅವಳ ಪಕ್ಕ ಕೂತಳು.

ಮೊದಲ ಸುತ್ತು ಚಿದಂಬರಯ್ಯನವರದು. ಅವರು ಎಂದಿನಂತೆ ನಿಧಾನವಾಗಿ ಎಳೆದರು. ಗೆರೆ ಬಳಸಿಕೊಂಡು ಬಂದು ಮಾರಕ್ಕನ ಮುಂದೆ ನಿಂತಿತು. ಅವರು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕೇಳುವಂತಿಲ್ಲ, ಅವಸರ ಮಾಡುವಂತಿಲ್ಲ, ನಿಯಮ ಅವರೇ ಮಾಡಿದ್ದು. ಮಾರಕ್ಕ ಆ ಬಾಯಿ ತೆರೆದ ಗೆರೆಯನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಬುಟ್ಟಿಯಿಂದ ಒಂದು ಚಿಟಿಕೆ ಪುಡಿ ತೆಗೆದು, ಹೆಬ್ಬೆರಳಲ್ಲಿ ಉಜ್ಜಿ ನುಣುಪು ನೋಡಿದಳು. ಮಾರಕ್ಕನಿಗೆ ಏನೂ ಅವಸರವಿರಲಿಲ್ಲ.